ಯೂನಿಟ್ ನಕ್ಕ ಟೇಕನ್ನು ನಂಬಬೇಡಿ

ನಮ್ಮ ಕಾಸರಗೋಡಿನಲ್ಲಿ ಯಕ್ಷಗಾನದವರನ್ನು ಹಾಕಿಕೊಂಡು ಸಿನಿಮಾ ಮಾಡುವುದಾದರೆ ಮಳೆಗಾಲವೇ ಗತಿ. ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ತಿರುಗಾಟ ಹೊರಡುವುದು ದೀಪಾವಳಿ ಹೊತ್ತಿಗೆ. ಕಲಾವಿದರ ಡೇಟು ಸಿಗುವುದು ಈ ನಡುವೆ. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ಅದರ ಬಹುಪಾಲು ಸುರಿಯುವುದೂ ಇದೇ ತಿಂಗಳುಗಳಲ್ಲಿ. ಶೂಟಿಂಗ್ ಜಾಗದಲ್ಲೇ ಧ್ವನಿ ಹಿಡಿಯುವ ಕೆಲಸದವನಿಗೆ ಇದಕ್ಕಿಂತ ಕೆಟ್ಟ ಮುಹೂರ್ತ ಇಲ್ಲ. ಆದರೂ ಒಪ್ಪಿಕೊಂಡೆ. ಕಥೆ ಓದಿ ನಕ್ಕಿದ್ದೆ, ಅದೇ ಕಾರಣ.

ಕಥೆ ಒಂದು ಮನೆಯದು. ಅಜ್ಜ ಒಂದು ಕಾಲದಲ್ಲಿ ಡೇರೆ ಮೇಳದ, ಅಂದರೆ ಡೇರೆ ಹಾಕಿ ಟಿಕೆಟ್ ಇಟ್ಟು ಆಟ ಆಡಿಸುವ ಮೇಳದ, ಯಜಮಾನ. ಮೇಳ ಮುಳುಗಿ ಎಷ್ಟೋ ವರ್ಷವಾದರೂ ಮನೆಗೆ ಬಂದ ನೆಂಟರಿಗೆ ಜಗಲಿಯಲ್ಲಿ ಟಿಕೆಟ್ ಹರಿದು ಕೊಟ್ಟೇ ಒಳಗೆ ಬಿಡುವುದು. ದೊಡ್ಡ ಮಗ ಲೈಟ್ಸ್ ಆಂಡ್ ಸೌಂಡ್ಸ್ ಇಟ್ಟುಕೊಂಡವ, ಊಟಕ್ಕೆ ಕರೆಯುವುದೂ ಮೈಕಿನಲ್ಲಿ. ಮಗಳು ಹರಿಕಥೆ ಮಾಡುವವಳು, ಗಂಡನಿಗೆ ಬೈಯುವಾಗಲೂ ತಾಳ ತಪ್ಪುವುದಿಲ್ಲ. ಆ ಗಂಡ ಜಾದೂಗಾರ. ಇಂಥ ಮನೆಯ ಮೊಮ್ಮಗ ಕದ್ದು ಓದಿ, ಪಿಎಸ್‌ಸಿ ಪರೀಕ್ಷೆ ಬರೆದು, ಸರಕಾರಿ ಗುಮಾಸ್ತನಾಗಿಬಿಡುತ್ತಾನೆ. ಮನೆಯವರಿಗೆ ಮಾನ ಹೋದ ಹಾಗೆ ಆಗುತ್ತದೆ. ಇಷ್ಟೇ ಕಥೆ. ನಿರ್ಮಾಪಕರು ಅಂದರೆ ನಿರ್ದೇಶಕನ ಸ್ನೇಹಿತರು. ದುಡ್ಡು ಇದ್ದದ್ದು ಅಷ್ಟಕ್ಕಷ್ಟೇ.

ದುಡ್ಡು ಕಡಿಮೆ ಇರುವವರು ಸಾಮಾನ್ಯವಾಗಿ ಡಬ್ಬಿಂಗಿಗೆ ಹೋಗುತ್ತಾರೆ. ಸೆಟ್ಟಿನಲ್ಲಿ ಹೇಗೋ ಚಿತ್ರ ಹಿಡಿದುಕೊಂಡು ಬಂದು, ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ತುಂಬುವುದು. ಈ ಚಿತ್ರಕ್ಕೆ ಅದು ಆಗುವ ಹಾಗಿರಲಿಲ್ಲ. ನಟರಲ್ಲಿ ಮುಕ್ಕಾಲು ಪಾಲು ಮೇಳದಲ್ಲಿ ಪಳಗಿದವರು, ಕೆಲವರು ಹವ್ಯಾಸಿಗಳು, ಒಬ್ಬಿಬ್ಬರು ಅದೇ ಊರಿನ ಹೆಂಗಸರು. ಗಾಜಿನ ಪೆಟ್ಟಿಗೆಯೊಳಗೆ ನಿಂತು ತಮ್ಮದೇ ತುಟಿ ನೋಡಿಕೊಂಡು ಮಾತು ಕೂರಿಸಿ ಅಂದರೆ ಅವರ ನಗೆಯ ಜೀವ ಹೋಗುತ್ತದೆ. ಅತ್ತರೆ ಡಬ್ಬಿಂಗಿನಲ್ಲಿ ಹೇಗೋ ಹೊಂದಿಸಬಹುದು. ನಗಿಸುವ ಮಾತು ಅರ್ಧ ಸೆಕೆಂಡು ಆಚೀಚೆಯಾದರೂ ಚಪ್ಪೆ. ಹಾಗಾಗಿ ಸಿಂಕ್ ಸೌಂಡ್, ಅಂದರೆ ಮಾತನ್ನು ಶೂಟಿಂಗಿನ ಹೊತ್ತಿಗೇ ಹಿಡಿಯುವುದು, ಎಂದು ತೀರ್ಮಾನವಾಯಿತು.

ಮಳೆಯನ್ನಾದರೂ ಹೇಗೋ ಸಂಭಾಳಿಸಬಹುದು. ಹಂಚಿನ ಮನೆ, ಮುರಕಲ್ಲಿನ ಗೋಡೆ. ಹಂಚಿನ ಮೇಲೆ ಬೀಳುವ ಮಳೆ ಕಿವಿಗೆ ಒಗ್ಗುತ್ತದೆ, ಅಂಗಳದ ಪ್ಲಾಸ್ಟಿಕ್ ಶೀಟಿನ ಮೇಲೆ ಬೀಳುವುದು ಮಾತನ್ನೇ ನುಂಗುತ್ತದೆ. ಶೀಟು ತೆಗೆಸಿದೆವು. ನಿಜವಾದ ಶತ್ರು ಪಕ್ಕದ ಅಡಿಕೆ ತೋಟದ ಪಂಪು. ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಬೇಕು: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮುಂಗಾರಿನ ಮೊದಲೊಮ್ಮೆ, ಸುಮಾರು 40–45 ದಿನ ಬಿಟ್ಟು ಇನ್ನೊಮ್ಮೆ. ಮದ್ದು ಬಿಡುವುದು ಮಳೆ ಹೊಳವಾದಾಗ ಮಾತ್ರ, ಇಲ್ಲದಿದ್ದರೆ ತೊಳೆದುಹೋಗುತ್ತದೆ. ನಾವು ಟೇಕ್ ತೆಗೆಯುವುದೂ ಹೊಳವಾದಾಗಲೇ. ಆಕಾಶ ತಿಳಿಯಾದ ಕೂಡಲೇ ಇಲ್ಲಿ ‘ರೋಲಿಂಗ್’ ಅನ್ನಬೇಕು, ಅಲ್ಲಿ ಮೋಟಾರು ಶುರು. ತೋಟದವರಿಗೆ ವರ್ಷದ ಬೆಳೆಯ ಪ್ರಶ್ನೆ, ನಿಲ್ಲಿಸಿ ಅನ್ನಲು ನಮಗೆ ಬಾಯಿ ಬರಲಿಲ್ಲ. ಕೊನೆಗೆ ಪಂಪು ನಡೆಯುವ ಹೊತ್ತಿಗೆಲ್ಲ ದೊಡ್ಡ ಮಗ ಮೈಕಿನಲ್ಲಿ ಕಿರುಚುವ ದೃಶ್ಯಗಳನ್ನು ಇಟ್ಟುಕೊಂಡೆವು. ತೋಟದ ಯಜಮಾನರು ಒಂದು ದಿನ ಬೇಲಿಯಾಚೆಯಿಂದ ಕೇಳಿದರು, “ನಿಮ್ಮ ಆ ಜನಕ್ಕೆ ದಮ್ಮು ಕಟ್ಟುವುದಿಲ್ಲವಾ ಮಾರಾಯ್ರೇ?” ಅಂತ.

ಆದರೆ ನಾನು ಹೇಳಹೊರಟದ್ದು ಪಂಪಿನ ವಿಷಯವಲ್ಲ, ನಗುವಿನ ವಿಷಯ.

ಅಜ್ಜನ ಪಾತ್ರ ಮಾಡಿದವರು ಮೇಳದಲ್ಲಿ ಹಾಸ್ಯಗಾರರಾಗಿದ್ದವರು. ಯಕ್ಷಗಾನದಲ್ಲಿ ಪದ್ಯ ಬರೆದಿಟ್ಟದ್ದು, ಮಾತು ಆಯಾ ರಾತ್ರಿ ಹುಟ್ಟುವುದು. ಹಾಸ್ಯಗಾರನಿಗಂತೂ ಎದುರು ಕೂತವರೇ ಪ್ರಸಂಗ ಪುಸ್ತಕ. ಅವರು ಒಂದು ಟೇಕಿನ ಮಾತನ್ನು ಇನ್ನೊಂದರಲ್ಲಿ ಹೇಳಿದ್ದೇ ಇಲ್ಲ. ಸ್ಕ್ರಿಪ್ಟ್ ಹಿಡಿದು ಕೂತ ಹುಡುಗಿ ಮೊದಲ ದಿನವೇ ಪೆನ್ನು ಮುಚ್ಚಿಟ್ಟಳು. ಎಡಿಟರಿಗೆ ಇದು ಗಂಡಾಂತರ: ಹತ್ತಿರದ ಶಾಟಿನಲ್ಲಿ ಒಂದು ಮಾತು, ದೂರದ ಶಾಟಿನಲ್ಲಿ ಇನ್ನೊಂದು. ಕಟ್ಟಿಹಾಕಿದರೆ ಅವರು ಕಲ್ಲಾಗುತ್ತಾರೆ. ದಾರಿ ತೋರಿಸಿದವರು ಚೆಂಡೆ ಬಾರಿಸಲು ಬಂದಿದ್ದ ಇನ್ನೊಬ್ಬ ಕಲಾವಿದರು. “ಮಾತು ಅವರಿಗೆ ಬಿಡಿ. ಎತ್ತುಗಡೆ ಮಾತ್ರ ಬದಲಾಗಬಾರದು ಅಂತ ಹೇಳಿ” ಅಂದರು. ಭಾಗವತರು ಮುಂದಿನ ಪದ್ಯ ಎತ್ತಬೇಕಾದರೆ ವೇಷಧಾರಿ ಅದಕ್ಕೆ ಸರಿಯಾದ ಮಾತಿಗೆ ಬಂದು ನಿಲ್ಲಬೇಕು, ಅಲ್ಲಿ ಸಲುಗೆ ಇಲ್ಲ. ಆ ಶಿಸ್ತು ಹಾಸ್ಯಗಾರರ ರಕ್ತದಲ್ಲೇ ಇತ್ತು. ಪ್ರತಿ ಮಾತಿನ ಕೊನೆಯ ನಾಲ್ಕು ಪದ ಗಟ್ಟಿ ಮಾಡಿದೆವು, ಉಳಿದದ್ದು ಅವರಿಷ್ಟ. ಎಡಿಟಿಂಗಿನಲ್ಲಿ ಎಲ್ಲೂ ತೊಡಕಾಗಲಿಲ್ಲ.

ಅವರಿಗಿದ್ದ ಇನ್ನೊಂದು ಅಭ್ಯಾಸಕ್ಕೆ ಇಷ್ಟು ಸುಲಭದ ಪರಿಹಾರ ಇರಲಿಲ್ಲ. ಒಂದು ಮಾತು ಬಿಟ್ಟು, ಜನ ನಗಲಿ ಎಂದು ಕಾಯುವುದು. ಎದುರಿಗೆ ಇರುವುದು ಕ್ಯಾಮೆರಾ. ನಗುವ ಜನ ಇಲ್ಲ, ಯೂನಿಟ್ಟಿನವರು ಬಾಯಿ ಮುಚ್ಚಿಕೊಂಡಿರಬೇಕು ಎಂದು ನನ್ನದೇ ಕಟ್ಟಪ್ಪಣೆ. ಅವರು ಕಾಯುತ್ತಾರೆ, ನಗು ಬರುವುದಿಲ್ಲ, ಮುಖ ಬಾಡುತ್ತದೆ, ಮುಂದಿನ ಮಾತು ಓಡಿಸಿಬಿಡುತ್ತಾರೆ. “ಜನ ನೆಗೆಮಾಡದ್ದೆ ಆನು ಮುಂದೆ ಹೇಂಗೆ ಹೋಪದು ಮಾಣಿ?” ಎಂದು ನನ್ನನ್ನೇ ಕೇಳಿದರು. ನ್ಯಾಯವಾದ ಪ್ರಶ್ನೆ. ಚಿತ್ರಮಂದಿರದಲ್ಲಿ ನಗು ಎಷ್ಟು ಹೊತ್ತು ಇರುತ್ತದೆ ಎಂದು ಸೆಟ್ಟಿನಲ್ಲಿ ಯಾರಿಗೆ ಗೊತ್ತು? ಕಡಿಮೆ ಜಾಗ ಬಿಟ್ಟರೆ ಮುಂದಿನ ಮಾತು ನಗುವಿನಡಿ ಸಾಯುತ್ತದೆ, ಹೆಚ್ಚು ಬಿಟ್ಟರೆ ಚಿತ್ರ ತೂಕಡಿಸುತ್ತದೆ.

ನಿರ್ದೇಶಕನಿಗೆ ಈ ತಲೆಬಿಸಿ ಮೊದಲೇ ಇತ್ತು. ಅಮೆರಿಕದ ಮಾರ್ಕ್ಸ್ ಸಹೋದರರ ಸಂಗತಿ ಅವನು ಓದಿಕೊಂಡಿದ್ದ. ಅವರದೂ ಇಂಥದೇ ಆಟದ ಕುಟುಂಬ. ಅಮ್ಮನೇ ಮ್ಯಾನೇಜರು, ಮಕ್ಕಳೆಲ್ಲ ರಂಗದ ಮೇಲೆ, ಮಾವನೂ ಹಾಸ್ಯನಟ. 1935ರ ‘ಎ ನೈಟ್ ಅಟ್ ದಿ ಓಪೆರಾ’ ಚಿತ್ರೀಕರಣಕ್ಕೆ ಮೊದಲು ನಿರ್ಮಾಪಕ ಇರ್ವಿಂಗ್ ಥಾಲ್‌ಬರ್ಗ್ ಅವರನ್ನು ಊರೂರಿಗೆ ಕಳಿಸಿ, ಅದರ ಹಾಸ್ಯ ದೃಶ್ಯಗಳನ್ನು ನಾಟಕದಂತೆ ಆಡಿಸಿ, ನಗುವಿನ ಹೊತ್ತು ಅಳೆಸಿದ. ನಮಗೆ ಊರೂರು ತಿರುಗುವ ತಾಕತ್ತಿರಲಿಲ್ಲ. ಆದರೆ ಮಳೆಗಾಲದಲ್ಲಿ ಕೂತು ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತೇ ನಡೆಸುವ ಯಕ್ಷಗಾನ, ಕೇಳುವ ಜನ ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಕಾಸರಗೋಡು ಪೇಟೆಯಿಂದ ದೂರದ ಒಂದು ಹಳ್ಳಿಯ ವಾಚನಾಲಯದಲ್ಲಿ ನಟರನ್ನೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ವೇಷಭೂಷಣ ಏನೂ ಇಲ್ಲದೆ ಮುಖ್ಯ ದೃಶ್ಯಗಳನ್ನು ಓದಿಸಿದೆವು. ಮೇಜಿನ ಮೇಲೆ ಎರಡು ಮೈಕು ನಟರ ಕಡೆಗೆ, ಎರಡು ಜನರ ಕಡೆಗೆ. ಜನರ ಕಡೆಗಿನ ಮೈಕು ಹೆಚ್ಚು ಬೆಲೆಯದು. ಚಹಾ, ಗೋಳಿಬಜೆ, ಒಳ್ಳೆ ಮಳೆ.

ಆ ರೆಕಾರ್ಡಿಂಗನ್ನು ರಾತ್ರಿ ಕಂಪ್ಯೂಟರಿಗೆ ಹಾಕಿ ನೋಡಿದಾಗ ನಾವು ಅಂದುಕೊಂಡದ್ದೆಲ್ಲ ಬುಡಮೇಲು. ಮೊಮ್ಮಗನಿಗೆ ಪಿಎಸ್‌ಸಿಯ ಅಡ್ವೈಸ್ ಮೆಮೊ, ಅಂದರೆ ನೌಕರಿಗೆ ಆಯ್ಕೆಯಾದ ಕಾಗದ, ಬರುವ ದೃಶ್ಯ. ಅಂಚೆಯವ ಕೊಟ್ಟ ಕಾಗದವನ್ನು ಎಲ್ಲರ ಎದುರು ಓದುತ್ತಾರೆ. ಅಜ್ಜ ಹೇಳುತ್ತಾನೆ, “ನಮ್ಮ ವಂಶದಲ್ಲಿ ಯಾರಿಗೂ ಈವರೆಗೆ ಸಂಬಳ ಬಂದದ್ದಿಲ್ಲ.” ಇಲ್ಲಿ ನಗು ಬರುತ್ತದೆ ಎಂದು ಗೊತ್ತಿತ್ತು, ಬಂತು. ಅದರ ಬೆನ್ನಿಗೇ ಅಜ್ಜಿಯದೊಂದು ಪುಟ್ಟ ಮಾತು, “ಪೆನ್ಶನ್ ಉಂಟಾ?” ಸ್ಕ್ರಿಪ್ಟಿನಲ್ಲಿ ಅದಕ್ಕೆ ಅರ್ಧ ಸಾಲು ಜಾಗ. ಆ ಸಂಜೆ ಅಜ್ಜಿ ಅದನ್ನು ಜನರ ನಗುವಿನೊಳಗೇ ಹೇಳಿಬಿಟ್ಟರು. ಮುಂದಿನ ಸಾಲಿನವರಿಗೆ ಕೇಳಿತು, ಹೊಸ ನಗು ಎದ್ದಿತು. ಹಿಂದಿನವರದು ಜನರ ಕಡೆಗಿನ ಮೈಕಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ: “ಎಂತ ಹೇಳಿದ್ದು? ಎಂತ?” ಯಾರೋ ಪಿಸುಗುಟ್ಟಿ ಹೇಳುತ್ತಾರೆ, ಆಮೇಲೆ ಹಿಂದಿನ ಸಾಲಿನ ನಗು. ಅದು ಮೊದಲಿನದಕ್ಕಿಂತ ದೊಡ್ಡದು. 2013ರ ಏಪ್ರಿಲ್ 1ರಿಂದ ಈಚೆ ಸೇರಿದವರಿಗೆ ಕೇರಳ ಸರಕಾರದ ಹಳೆಯ ಪೆನ್ಶನ್ ಇಲ್ಲ, ಸಂಬಳದಿಂದ ಕಡಿತ ಮಾಡಿ ಕಟ್ಟುವ ಪಾಲಿನ ಪೆನ್ಶನ್. ಸಭೆಯಲ್ಲಿ ಮಾಷ್ಟ್ರುಗಳು ತುಂಬ ಇದ್ದರು. ಅಜ್ಜಿಯ ಪ್ರಶ್ನೆ ಅವರಿಗೆ ತಾಗಬೇಕಾದಲ್ಲಿ ತಾಗಿತು.

ಅಂದರೆ ದೃಶ್ಯದ ತುದಿ ಅಜ್ಜನ ಮಾತಲ್ಲ, ಅಜ್ಜಿಯದು. ಅದು ನಗುವಿನಡಿ ಹೂತುಹೋಗುತ್ತಿತ್ತು. ಓದಿಸದೇ ಶೂಟ್ ಮಾಡಿದ್ದರೆ ಅಜ್ಜನ ಮುಖದ ಮೇಲೇ ಕಟ್ ಮಾಡಿ ಮುಂದೆ ಹೋಗುತ್ತಿದ್ದೆವು.

ಈಗ ಅಜ್ಜಿಯ ಮಾತನ್ನು ಹಿಂದಕ್ಕೆ ತಳ್ಳಬೇಕು, ನಗು ಇಳಿಯುವಷ್ಟು. ಅಷ್ಟು ಹೊತ್ತು ಪರದೆಯ ಮೇಲೆ ಏನಿರಬೇಕು? ತುಂಬಿದ ಚಿತ್ರಮಂದಿರವಾದರೆ ಜನ ನಗುತ್ತಿರುತ್ತಾರೆ, ಖಾಲಿ ಜಾಗ ಖಾಲಿ ಅನಿಸುವುದಿಲ್ಲ. ಮನೆಯಲ್ಲಿ ಒಬ್ಬರೇ ಫೋನಿನಲ್ಲಿ ನೋಡಿದರೆ? ನಗುವ ಪಕ್ಕದವರಿಲ್ಲ, ನಾಲ್ಕು ಸೆಕೆಂಡಿನ ಮೌನ ಅಂದರೆ ನೆಟ್ ನಿಂತಿತೋ ಎಂದು ಫೋನು ತಟ್ಟುತ್ತಾರೆ. ಸಣ್ಣ ಚಿತ್ರಗಳಿಗೆ ಚಿತ್ರಮಂದಿರ ಸಿಗುವುದೇ ಕಷ್ಟವಾದ ಈ ಕಾಲದಲ್ಲಿ ಫೋನಿನವರನ್ನು ಬಿಡುವ ಹಾಗಿಲ್ಲ. ಇಲ್ಲಿ ನನ್ನ ಕೆಲಸ ಉಪಯೋಗಕ್ಕೆ ಬಂತು. ಅಜ್ಜಿಯನ್ನು ಹೆರೆಮಣೆಯ ಮೇಲೆ ಕೂರಿಸಿದೆವು. ದೃಶ್ಯದ ಶುರುವಿನಿಂದಲೂ ತೆಂಗಿನಕಾಯಿ ಹೆರೆಯುವ ಸದ್ದು, ಗರ್ ಗರ್ ಎಂದು, ಒಂದೇ ಲಯ. ಅಜ್ಜನ ಮಾತು ಮುಗಿದ ಮೇಲೂ ಅದು ನಿಲ್ಲುವುದಿಲ್ಲ. ಚಿತ್ರಮಂದಿರದಲ್ಲಿ ಆ ಸದ್ದು ನಗುವಿನಲ್ಲಿ ಮುಳುಗಿದರೆ ನಷ್ಟ ಏನೂ ಇಲ್ಲ. ಫೋನಿನಲ್ಲಿ ಅದೇ ಆ ಜಾಗವನ್ನು ಹಿಡಿದುಕೊಂಡಿರುತ್ತದೆ. ಮತ್ತೆ ಹೆರೆಯುವುದು ನಿಲ್ಲುತ್ತದೆ. ನಿಂತ ಕೂಡಲೇ ನಗುತ್ತಿದ್ದವರ ಕಿವಿಯೂ ನಿಮಿರುತ್ತದೆ. ಆಗ, “ಪೆನ್ಶನ್ ಉಂಟಾ?”

ಹೆರೆಮಣೆಯ ಹತ್ತಿರ ಒಂದು ಸಣ್ಣ ಮೈಕು ಬೇರೆಯೇ ಇಟ್ಟು, ಆ ಸದ್ದನ್ನು ಮಾತಿನ ಟ್ರ್ಯಾಕಿನಿಂದ ಆದಷ್ಟು ದೂರ ಇಟ್ಟುಕೊಂಡೆ. ದೃಶ್ಯ ಮುಗಿದ ಮೇಲೆ ಅಜ್ಜಿಯೊಬ್ಬರನ್ನೇ ಕೂರಿಸಿ, ಎರಡು ಕಾಯಿ ಪೂರ್ತಿ ಹೆರೆಸಿ ಅದನ್ನೂ ಹಿಡಿದುಕೊಂಡೆ. ಆಮೇಲೆ ಎಡಿಟರು ಜಾಗ ಹಿಗ್ಗಿಸಬೇಕೆಂದರೆ ಹಿಗ್ಗಿಸಲಿ, ಕುಗ್ಗಿಸಲಿ. ಕಾಯಿತುರಿ ಅಡುಗೆಮನೆಗೆ ಹೋಯಿತು, ಮಧ್ಯಾಹ್ನ ಯೂನಿಟ್ಟಿಗೆಲ್ಲ ಮೆಣಸ್ಕಾಯಿ.

ಇನ್ನು ಯೂನಿಟ್ಟಿನ ನಗು. ಸೆಟ್ಟಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕ ಟೇಕುಗಳನ್ನು ನಾನು ಗುರುತು ಹಾಕಿಟ್ಟುಕೊಂಡಿದ್ದೆ. ಎಡಿಟಿಂಗಿನಲ್ಲಿ ಉಳಿದದ್ದು ಬೆರಳೆಣಿಕೆಯವು. ಒಂದು ಕಾರಣ ಶಬ್ದದ್ದು: ಬೂಮ್, ಅಂದರೆ ಉದ್ದ ಕೋಲಿನ ತುದಿಯ ಮೈಕು, ಹಿಡಿದ ಹುಡುಗ ಬೈರಾಸು ಕಚ್ಚಿಕೊಂಡು ತಡೆದರೂ ಕೋಲು ನಡುಗುತ್ತದೆ, ಮಾತಿನ ಬಾಲಕ್ಕೆ ಯಾರದೋ ಮೂಗಿನ ಸದ್ದು ಅಂಟಿಕೊಳ್ಳುತ್ತದೆ. ಇನ್ನೊಂದು ಕಾರಣ ದೊಡ್ಡದು. ನಾವು ನಗುವುದು ಪಾತ್ರಕ್ಕಲ್ಲ, ಮನುಷ್ಯನಿಗೆ. ಬೆಳಿಗ್ಗೆ ಇಡ್ಲಿಗೆ ಜಗಳ ಮಾಡಿದ ಹಾಸ್ಯಗಾರರು ಟೇಕಿನಲ್ಲಿ ಇಡ್ಲಿ ಅಂದರೆ ನಮಗೆ ತಡೆಯಲಾಗುವುದಿಲ್ಲ. ಮಂಜೇಶ್ವರದಲ್ಲೋ ಬದಿಯಡ್ಕದಲ್ಲೋ ಕೂತು ನೋಡುವವನಿಗೆ ಅದೆಲ್ಲಿ ಗೊತ್ತು? ನಗು ಕಂಡ ನಟರು ಮುಂದಿನ ಟೇಕಿನಲ್ಲಿ ಅದನ್ನೇ ಇನ್ನಷ್ಟು ಎಳೆಯುತ್ತಾರೆ. ಇಂಥ ವಿಚಿತ್ರ ಮನೆಯವರು ತಮ್ಮನ್ನು ವಿಚಿತ್ರ ಎಂದುಕೊಂಡಿರುವುದಿಲ್ಲ. ಟಿಕೆಟ್ ಹರಿಯುವ ಅಜ್ಜನಿಗೆ ಅದು ತಮಾಷೆಯಲ್ಲ, ಗೇಟಿನ ಲೆಕ್ಕ. ಯೂನಿಟ್ ನಕ್ಕ ದಿನ ಅಜ್ಜನ ಕಣ್ಣಿನಲ್ಲಿ ಆ ಲೆಕ್ಕ ಕಾಣೆಯಾಗಿ, ಬದಲಿಗೆ ‘ಹೇಗಿತ್ತು?’ ಎಂಬ ಮಿಂಚು ಬರುತ್ತಿತ್ತು. ಕ್ಯಾಮೆರಾ ಅದನ್ನು ಹಿಡಿದೇ ಹಿಡಿಯುತ್ತದೆ.

ತಿರುಗಿ ಇದರ ಉಲ್ಟಾ ಕೂಡ ಉಂಟು. ಒಂದೇ ದೃಶ್ಯವನ್ನು ಬೇರೆ ಬೇರೆ ಕೋನದಿಂದ ತೆಗೆಯುತ್ತ ಸಂಜೆಯಾದಾಗ ಯಾರೂ ನಗುವುದಿಲ್ಲ. ನಿರ್ದೇಶಕ ಗಾಬರಿಯಾಗಿ, “ಸತ್ತುಹೋಗಿದೆ ಸೀನು, ಸ್ವಲ್ಪ ಎತ್ತಿ ಮಾಡಿ” ಅನ್ನಲು ಶುರು. ಆಗ ನಾನು ಅವನ ಕಿವಿಗೆ ಹೆಡ್‌ಫೋನ್ ಹಾಕಿ ವಾಚನಾಲಯದ ಆ ಸಂಜೆಯ ಟ್ರ್ಯಾಕ್ ಕೇಳಿಸುತ್ತಿದ್ದೆ. ಜನ ನಕ್ಕದ್ದು ಅಲ್ಲೇ ಇದೆಯಲ್ಲ. ಇವತ್ತು ಲೈಟ್ ಬಾಯ್ ಆಕಳಿಸಿದ ಎಂದು ಮಾತು ಯಾಕೆ ಬದಲಿಸಬೇಕು? ಒಂದೊಂದು ದಿನ ಹಾಸ್ಯಗಾರರಿಗೂ ಕೇಳಿಸಿದೆವು. ಅವರು ಕಣ್ಣು ಮುಚ್ಚಿ ಕೇಳಿ, ಬೆರಳಿನಲ್ಲಿ ತಾಳ ಹಾಕಿ, ಎಷ್ಟು ಕಾಯಬೇಕೆಂದು ಅಂದಾಜು ಮಾಡಿಕೊಂಡರು. ಆಮೇಲೆ ಕ್ಯಾಮೆರಾದೆದುರೂ ಸರಿಯಾಗಿ ಅಷ್ಟೇ ಕಾದರು, ಮುಖ ಬಾಡದೆ.

ಈಗ ಹಾಸ್ಯದ ಚಿತ್ರಕ್ಕೆ ಯಾರು ಕರೆದರೂ ಬಾಡಿಗೆಯ ಪಟ್ಟಿಯಲ್ಲಿ ರೆಕಾರ್ಡರು, ಅಂಗಿಗೆ ಸಿಕ್ಕಿಸುವ ಲೇಪಲ್ ಮೈಕು, ಬೂಮ್ ಆದ ಮೇಲೆ ಇನ್ನೊಂದು ಸಾಲು ಸೇರಿಸುತ್ತೇನೆ: ಚಿತ್ರೀಕರಣಕ್ಕೆ ಮೊದಲು ಜನರೆದುರು ಒಂದು ಸಂಜೆ ಓದು, ರೆಕಾರ್ಡಿಂಗ್ ಸಮೇತ. ಜನ ಅಂದರೆ ನಿರ್ಮಾಪಕರ ನೆಂಟರಲ್ಲ, ಕಥೆ ಗೊತ್ತಿಲ್ಲದವರು. ಹೊಸದಾಗಿ ಬಂದ ಮಲಯಾಳಂ ಚಿತ್ರದ ನಿರ್ಮಾಪಕರು ಪಟ್ಟಿ ನೋಡಿ, ಸೌಂಡಿನವನಿಗೆ ಪ್ರೇಕ್ಷಕರು ಎಂತಕ್ಕೆ ಅಂತ ಕೇಳಿದರು. ಪೆನ್ಶನ್ ದೃಶ್ಯದ ಟ್ರ್ಯಾಕ್ ವಾಟ್ಸಾಪಿನಲ್ಲಿ ಕಳಿಸಿದೆ. ಮರುದಿನ ಒಪ್ಪಿಗೆ ಬಂತು, ಚಹಾ ತಿಂಡಿಯ ಖರ್ಚನ್ನು ಮಾತ್ರ ನನ್ನ ಬಿಲ್ಲಿನಿಂದಲೇ ಕಳೆಯುತ್ತಾರಂತೆ.