ಅವಳಿಗೊಬ್ಬಳಿಗೆ ಗೊತ್ತಿಲ್ಲ

ಶನಿವಾರ ಮಯಾಮಿಯಲ್ಲಿ ‘ಸೆಸಿಲಿಯಾ ವಾಲ್ದೆಸ್’ ನೋಡಿ ಬಂದೆ. ಇವತ್ತಿಗೂ ಸಿಟ್ಟು ಇಳಿದಿಲ್ಲ. ಕರೆದುಕೊಂಡು ಹೋಗಿದ್ದು ಪಕ್ಕದ ಮನೆಯ ಕ್ಯೂಬನ್ ಅಜ್ಜಿ. ಚಿಕ್ಕವರಿದ್ದಾಗಲೇ ಹವಾನಾ ಬಿಟ್ಟವರು, ಆದರೆ ಇದರ ಹಾಡುಗಳೆಲ್ಲ ಅವರಿಗೆ ಬಾಯಿಪಾಠ.

ಇದು ಸಾರ್ಸುವೇಲಾ, ಹಾಡು ಮಾತು ಎರಡೂ ಇರುವ ನಾಟಕ. ಗೊನ್ಸಾಲೊ ರೋಯಿಗ್ ಅವರ ಸಂಗೀತ. 1932ರಲ್ಲಿ ಹವಾನಾದ ಮಾರ್ತಿ ಥಿಯೇಟರಿನಲ್ಲಿ ಮೊದಲ ಪ್ರದರ್ಶನ. ಕಥೆ ಮಾತ್ರ ಅದಕ್ಕೂ ನೂರು ವರ್ಷ ಹಿಂದಿನದು, ಸ್ಪೇನಿನ ಆಳ್ವಿಕೆ, ಗುಲಾಮಗಿರಿಯ ಕಾಲ.

ಸೆಸಿಲಿಯಾ ಬಿಳಿ-ಕಪ್ಪು ಎರಡೂ ರಕ್ತ ಬೆರೆತ ಹುಡುಗಿ. ಅವಳು ರಂಗಕ್ಕೆ ಬರುವ ಹಾಡು ಶುರುವಾಗಿದ್ದೇ ತಡ, ಜನ ಕೂತಲ್ಲೇ ತೂಗಾಡತೊಡಗಿದರು. ನನಗೆ ಗುಯಿರೋ ನುಡಿಸುವವನ ಕೈ ಚೆನ್ನಾಗಿ ಕಾಣುತ್ತಿತ್ತು. ಒಣಗಿದ ಸೋರೆ ಬುರುಡೆ, ಅದರ ಮೈತುಂಬ ಗೀರು, ಮೇಲೊಂದು ಕಡ್ಡಿ. ಒಂದು ಉದ್ದ ಎಳೆತ, ಹಿಂದೆಯೇ ಎರಡು ಚುಟುಕು. ಪಿಟೀಲುಗಳು ಥೇಟ್ ಒಪೆರಾ ಥರ ಮೇಲೇರುತ್ತಿದ್ದರೂ ಕಾಲು ಕುಣಿಸಿದ್ದು ಆ ಬುರುಡೆಯೇ. "ನಾನು ಸೆಸಿಲಿಯಾ ವಾಲ್ದೆಸ್" ಅಂತ ಅವಳು ಎದೆಯೆತ್ತಿ ಹಾಡಿದಳು, ನಮ್ಮ ಕಂಪನಿ ನಾಟಕಗಳಲ್ಲಿ ‘ಒನ್ಸ್ ಮೋರ್’ ಕೂಗುತ್ತಿದ್ದರಲ್ಲ, ಆ ಥರದ ಚಪ್ಪಾಳೆ. ನಾನೂ ಹೊಡೆದೆ.

ಅಜ್ಜಿ ನನ್ನ ಕಡೆ ಬಗ್ಗಿ, "ಮಗಳೇ, ವಾಲ್ದೆಸ್ ಅನ್ನೋದು ಅನಾಥಾಲಯದ ಹೆಸರು" ಅಂದರು. ಹವಾನಾದಲ್ಲಿ ಬಿಷಪ್ ವಾಲ್ದೆಸ್ ಕಟ್ಟಿಸಿದ ಅನಾಥಾಲಯಕ್ಕೆ ಬಂದ ಕೂಸುಗಳಿಗೆಲ್ಲ ಅವರದೇ ಹೆಸರು ಇಡುತ್ತಿದ್ದರಂತೆ.

"ಹಾಗಾದ್ರೆ ಅಪ್ಪ ಯಾರು?"

"ಊರಿಗೆಲ್ಲ ಗೊತ್ತು. ಅವಳಿಗೊಬ್ಬಳಿಗೆ ಗೊತ್ತಿಲ್ಲ."

ಅಪ್ಪ ಡಾನ್ ಕಾಂದಿದೊ ಗಂಬೋವಾ, ಗುಲಾಮರ ವ್ಯಾಪಾರದಲ್ಲಿ ದುಡ್ಡು ಮಾಡಿದ ಬಿಳಿಯ. ಅವಳು ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸುವ ಲಿಯೊನಾರ್ದೊ ಅವನ ಮಗ. ಅಂದರೆ ಅವಳ ಅಣ್ಣ! ಅದು ತಿಳಿದ ಮೇಲೆ ಅವರಿಬ್ಬರ ಒಂದೊಂದು ಪ್ರೇಮಗೀತೆಯೂ ನನಗೆ ಹಿಂಸೆ. ಸಂಗೀತ ಎಷ್ಟು ಚೆನ್ನಾಗಿತ್ತೋ ಅಷ್ಟೂ ಹಿಂಸೆ.

ಲಿಯೊನಾರ್ದೊ ಬಿಳಿ ಹುಡುಗಿ ಇಸಾಬೆಲ್‌ಳನ್ನು ಮದುವೆಯಾಗಲು ಹೊರಡುತ್ತಾನೆ. ಸೆಸಿಲಿಯಾಳನ್ನು ಪ್ರೀತಿಸುವ ಪಿಮಿಯೆಂತಾ ಚಾಕು ಹಿಡಿದು ಹೋಗುತ್ತಾನೆ. ಅವಳು ಹೇಳಿದ್ದು ಇಸಾಬೆಲ್‌ಳನ್ನು ಮುಗಿಸು ಅಂತ, ಇರಿತ ಬಿದ್ದಿದ್ದು ಲಿಯೊನಾರ್ದೊಗೆ. ನಾಟಕ ಮುಗಿದಾಗ ನಮ್ಮ ಹಿಂದಿದ್ದವರು, "ಹೊಟ್ಟೆಕಿಚ್ಚಿನ ಹುಡುಗಿ, ಎಲ್ಲರನ್ನೂ ಹಾಳು ಮಾಡಿದಳು" ಅಂದುಕೊಂಡು ಎದ್ದರು. ತಿರುಗಿ ಜಗಳ ಆಡೋಣ ಅನಿಸಿತು. ಕೊಲ್ಲು ಅಂದಿದ್ದು ತಪ್ಪೇ, ನಾನು ಅದನ್ನು ಸಮರ್ಥಿಸಲ್ಲ. ಆದರೆ ಆ ಅಪ್ಪ? ಒಂದೇ ಒಂದು ಮಾತು ಬಾಯಿಬಿಟ್ಟಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ ಅಲ್ವಾ? ಮಗ ಯಾರ ಹಿಂದೆ ಬಿದ್ದಿದ್ದಾನೆ ಅಂತ ಗೊತ್ತಿದ್ದೂ ಸುಮ್ನೆ ಇದ್ದ ಮನುಷ್ಯ.

ಕಾರಿನಲ್ಲಿ ಅಜ್ಜಿಯನ್ನು ಅದನ್ನೇ ಕೇಳಿದೆ. ನಾಚಿಕೆಗೆ ಹೇಳಲಿಲ್ವಾ ಅಂತ. ಅವರು ನಕ್ಕರು. "ನಾಚಿಕೆ ಎಲ್ಲಿ ಬಂತು? ಹೇಳಿದ್ರೆ ಮಗಳು ಅಂತ ಒಪ್ಪಬೇಕಲ್ಲ."

ಇದೇ ಮಾತು ಕೊರೆಯುತ್ತಿದೆ. ಕಪ್ಪು ರಕ್ತ ಇರುವ ಮಗಳಿಗೆ ಉತ್ತರ ಕೊಡಬೇಕು ಅಂತಲೇ ಅವನಿಗೆ ಅನಿಸಿಲ್ಲ. ನಾಟಕಕ್ಕೆ ಮೂಲವಾದ ಸಿರಿಲೊ ವಿಯಾವೆರ್ದೆ ಅವರ ಕಾದಂಬರಿ ಪೂರ್ತಿಯಾಗಿ ಬಂದಿದ್ದು 1882ರಲ್ಲಿ, ನ್ಯೂಯಾರ್ಕಿನಲ್ಲಿ. ಕ್ಯೂಬಾದಲ್ಲಿ ಗುಲಾಮಗಿರಿ ಕೊನೆಯಾಗಿದ್ದು 1886ರಲ್ಲಿ. ಅದನ್ನು ಮೊದಲು ಓದಿದವರ ಕಾಲದಲ್ಲಿ ಇಂಥ ಅಪ್ಪಂದಿರು ಬದುಕಿದ್ದರು, ಮರ್ಯಾದಸ್ಥರಾಗಿ ಚರ್ಚಿಗೆ ಹೋಗಿ ಬರುತ್ತಿದ್ದರು. ನಾಟಕದಲ್ಲೂ ನೋಡಿ, ಸಾಯುವುದು ಮಗ, ಶಿಕ್ಷೆ ಮಗಳಿಗೆ. ಡಾನ್ ಕಾಂದಿದೊನನ್ನು ಯಾರೂ ಏನೂ ಕೇಳುವುದೇ ಇಲ್ಲ.