ಮಗ್ಗಿ ಹಲಗೆ, ನಾಲ್ಕನೇ ಸುತ್ತು: ಐವತ್ನಾಲ್ಕರ ಕಾಟ

ಎರಡು ವಾರದಿಂದ ಇಲ್ಲಿ ಏನೂ ಬರೆದಿಲ್ಲ. ಸಿಟ್ಟು ಇಳಿಯಲಿ ಅಂತ ಕಾಯುತ್ತಿದ್ದೆ. ನಿನ್ನೆ ಸಂಜೆ ಇಳಿಯಿತು, ಅದೂ ಕಸದ ಬುಟ್ಟಿಗೆ ಹೋಗಬೇಕಿದ್ದ ಎರಡು ತುಂಡು ಕಾಗದದಿಂದ.

ಹಿಂದಿನ ಕತೆ ಚುಟುಕಾಗಿ ಹೇಳಿಬಿಡುತ್ತೇನೆ: ಮಗಳಿಗೆ ಮನೆಯಲ್ಲೇ ಮಗ್ಗಿ ಕಲಿಸುತ್ತಿದ್ದೇನೆ, ಅದಕ್ಕೇ ಒಂದು ಹಲಗೆ ಮಾಡುತ್ತಿದ್ದೇನೆ. 2, 5, 10ರ ಮಗ್ಗಿ ಯಾವತ್ತೋ ಮುಗಿದಿದೆ. 9ಕ್ಕೆ ಬೆರಳು ಮಡಚುವ ಉಪಾಯ ನಿಮಗೆಲ್ಲ ಗೊತ್ತೇ ಇದೆ (6×9ಕ್ಕೆ ಹತ್ತು ಬೆರಳಲ್ಲಿ ಆರನೆಯದು ಮಡಚಿದರೆ ಎಡಕ್ಕೆ 5, ಬಲಕ್ಕೆ 4, ಅಂದರೆ 54). 3×3, 4×4 ಥರದವು ಮಕ್ಕಳಿಗೆ ಅದೇಕೋ ತಾವಾಗಿಯೇ ಅಂಟಿಕೊಳ್ಳುತ್ತವೆ. ಹಿಂದುಮುಂದು ಮಾಡಿದರೂ ಉತ್ತರ ಒಂದೇ ಅಂತ ಹಿಡಿದರೆ, ನೂರು ಮನೆಯ ಕೋಷ್ಟಕದಲ್ಲಿ ಕಡೆಗೆ ಉಳಿಯುವುದು ಹತ್ತೇ ಹತ್ತು: 3×4, 3×6, 3×7, 3×8, 4×6, 4×7, 4×8, 6×7, 6×8, 7×8. ಅದರಲ್ಲಿ ಒಂಬತ್ತು ಮಗಳ ಬಾಯಿಗೆ ಬಂದವು. ಉಳಿದದ್ದು ಏಳೆಂಟ್ಲ, ಅಂದರೆ 7×8. ಕೇಳಿದರೆ ಐವತ್ತಾರರ ಬದಲು ಐವತ್ನಾಲ್ಕು ಅನ್ನುತ್ತಾಳೆ.

ಮೊದಲು ಮರದ ಕ್ಯೂಬ್‌ಗಳ ವಿಚಾರ ಹೇಳಿ ಹಗುರಾಗುತ್ತೇನೆ. 20 ಮಿಲಿಮೀಟರಿನ ನೂರು ಕ್ಯೂಬ್ ಬೇಕು ಅಂತ ತರಿಸಿದ್ದೆ. ಐವತ್ತೈವತ್ತರ ಎರಡು ಪೊಟ್ಟಣ ಬಂದವು. ಎಣಿಸಿದರೆ ಒಂದರಲ್ಲಿ ಐವತ್ತೆಂಟು, ಇನ್ನೊಂದರಲ್ಲಿ ಐವತ್ತಾರು. ಪರವಾಗಿಲ್ಲ, ಧಾರಾಳ ಮನಸ್ಸಿನವರು ಅಂದುಕೊಂಡೆ. ಮೊದಲ ಪೊಟ್ಟಣದಿಂದ 7 ಅಡ್ಡಸಾಲು, ಸಾಲಿಗೆ 8. ಎರಡನೆಯದರಿಂದ 8 ಅಡ್ಡಸಾಲು, ಸಾಲಿಗೆ 7. "ನೋಡು, ಇದನ್ನು ತಿರುಗಿಸಿದರೆ ಅದೇ ಅಲ್ವಾ?" ಅಂತ ದೊಡ್ಡ ಮೇಷ್ಟ್ರ ಥರ ಕೇಳಿದೆ. ಅವಳು ಒಂದರ ಪಕ್ಕ ಇನ್ನೊಂದನ್ನು ತಳ್ಳಿಕೊಂಡು ಬಂದು ಅಂಚಿಗೆ ಅಂಚು ಹಿಡಿದಳು.

"ಇಲ್ಲಮ್ಮಾ. ಇದು ಚಿಕ್ಕದು."

ನಿಜವಾಗಿಯೂ ಚಿಕ್ಕದು. ಕ್ಯಾಲಿಪರ್ ಹಿಡಿದೆ. ಎರಡನೇ ಪೊಟ್ಟಣದ ಕ್ಯೂಬೆಲ್ಲ 19 ಮಿಲಿಮೀಟರ್. ಒಂದೊಂದಕ್ಕೆ ಒಂದೇ ಮಿಲಿಮೀಟರ್ ಕಮ್ಮಿ, ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಎಂಟನ್ನು ಸಾಲಾಗಿಟ್ಟರೆ 160 ಇರಬೇಕಾದದ್ದು 152. ಗುಣಾಕಾರದ ಅತಿ ಮುಖ್ಯ ನಿಯಮ ನಮ್ಮ ಮನೆಯ ನೆಲದ ಮೇಲೆ 8 ಮಿಲಿಮೀಟರಿನಿಂದ ಸೋತುಹೋಯಿತು. ಮಾರಿದವರಿಗೆ ಬರೆದೆ. "ಮರ ಅಂದಮೇಲೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ" ಅಂತ ಉತ್ತರ ಬಂತು. ಅಷ್ಟೂ ಐವತ್ತಾರು ಸರಿಯಾಗಿ ಒಂದೇ ಅಳತೆಗೆ ಕಮ್ಮಿ ಇರುವುದು ಎಂಥ ಹೆಚ್ಚುಕಮ್ಮಿ ಸ್ವಾಮಿ? ಎರಡನ್ನೂ ಬೆರೆಸಿ ನೋಡಿದೆ. ಸಾಲುಗಳು ಹಾವಿನ ಹಾಗೆ ಬಳುಕಿದವು. ದೊಡ್ಡವನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ 19ಕ್ಕೆ ಇಳಿಸೋಣ ಅಂತ ಕೂತೆ. ಆರನೇ ಕ್ಯೂಬಿಗೆ ಕೈ ಸೋತಿತು. ಹತ್ತನೆಯದು ಕ್ಯೂಬಾಗಿ ಉಳಿದಿರಲೇ ಇಲ್ಲ.

ಹೀಗೆ ಉಜ್ಜುತ್ತಾ ಕೂತಾಗ ಮುಂದಿನ ಕೆಲಸ ಹೊಳೆಯಿತು, ಮರೆಯುವ ಮುಂಚೆ ಇಲ್ಲೇ ಹಾಕಿಡುತ್ತೇನೆ. ನೇಪಿಯರನ ಎಲುಬುಗಳು! ಸ್ಕಾಟ್ಲೆಂಡಿನ ಗಣಿತಜ್ಞ ಜಾನ್ ನೇಪಿಯರ್ 1617ರಲ್ಲಿ ಪ್ರಕಟಿಸಿದ ಲೆಕ್ಕದ ಕಡ್ಡಿಗಳು. ಒಂದೊಂದು ಕಡ್ಡಿಯ ಮೇಲೆ ಒಂದೊಂದು ಅಂಕಿಯ ಮಗ್ಗಿ, ಪ್ರತಿ ಚೌಕದಲ್ಲೂ ಓರೆಗೆರೆ, ಗೆರೆಯ ಮೇಲೆ ಹತ್ತರ ಅಂಕಿ, ಕೆಳಗೆ ಬಿಡಿ. 47×8 ಬೇಕಾದರೆ 4ರ ಕಡ್ಡಿ, 7ರ ಕಡ್ಡಿ ಪಕ್ಕಪಕ್ಕ ಇಟ್ಟು ಎಂಟನೇ ಸಾಲು ಓದುವುದು. ಅಲ್ಲಿ 32, 56 ಎರಡೂ ಓರೆಗೆರೆಯಿಂದ 3/2, 5/6 ಅಂತ ಒಡೆದಿರುತ್ತವೆ. ಓರೆಯಾಗಿ ಕೂಡಿಸಿದರೆ 3, 2+5, 6. ಅಂದರೆ 376. ನೋಡಿ, ಅಲ್ಲಿಯೂ ಬಂದು ಕೂತಿದೆ 56! ಚಪ್ಪಟೆ ಕಡ್ಡಿ ಸಾಕು, ಹತ್ತಕ್ಕೂ ಅಗಲ ಒಂದೇ ಇರಬೇಕು ಅಷ್ಟೆ. ಹಾಗಾಗಿ ಈ ಸಲ ಪಾರ್ಸೆಲ್ ಒಡೆಯುವಾಗ ಕ್ಯಾಲಿಪರ್ ಕೈಯಲ್ಲೇ ಇರುತ್ತದೆ.

ಸರಿ, ಹಲಗೆಗೆ ಬರೋಣ. ಕ್ಯೂಬ್ ಬಿಟ್ಟು ಚುಕ್ಕಿಗೆ ಹೋದೆ. ರಟ್ಟಿನ ಮೇಲೆ 10×10 ಚುಕ್ಕಿ, ಮೇಲೆ ಸರಿಸಲು ಎಲ್ ಆಕಾರದ ಮುಚ್ಚಳ. ಬೇಕಾದಷ್ಟು ಸಾಲು ಮಾತ್ರ ಕಾಣುವ ಹಾಗೆ. ಒಂದು ಬದಲಾವಣೆ ಮಾಡಿದೆ: ಐದನೇ ಚುಕ್ಕಿ ಆದಮೇಲೆ ಅಡ್ಡಕ್ಕೂ ಉದ್ದಕ್ಕೂ ಸಣ್ಣ ಸಂದು. ಎಣಿಸದೆ ಒಂದೇ ನೋಟಕ್ಕೆ ಗುರುತಿಸಲು ನಮಗೆ ಆಗುವುದು ಮೂರು ನಾಲ್ಕು ಚುಕ್ಕಿ ಮಾತ್ರ. ಏಳು ಚುಕ್ಕಿ ಒಂದೇ ಸಾಲಿನಲ್ಲಿದ್ದರೆ ಮಗು ಎಣಿಸಲೇಬೇಕು. ಸಂದಿದ್ದರೆ "ಐದು, ಎರಡು, ಏಳು" ಅಂತ ಕಂಡುಬಿಡುತ್ತದೆ. ರೆಕೆನ್‌ರೆಕ್ ಮಣಿಚೌಕಟ್ಟಿನಲ್ಲಿ ಐದು ಕೆಂಪು, ಐದು ಬಿಳಿ ಇಡುವುದು ಇದಕ್ಕೇ. 7×8 ಇಟ್ಟರೆ ನಾಲ್ಕು ತುಂಡು ಸಿಗುತ್ತದೆ: 25, 15, 10, 6. ಕೂಡಿಸಿದರೆ 56.

ಹಲಗೆ ಚೆನ್ನಾಗಿ ಕೆಲಸ ಮಾಡಿತು. ಹಲಗೆ ಎದುರಿಗಿರುವಷ್ಟು ಹೊತ್ತು! ಎತ್ತಿಟ್ಟು ಕೇಳಿದರೆ ಮತ್ತೆ "ಐವತ್ನಾಲ್ಕು". ನಾಲ್ಕು ತುಂಡನ್ನು ತಲೆಯಲ್ಲಿ ಹಿಡಿದು ಕೂಡಿಸುವುದು ಎಂಟು ವರ್ಷದವಳಿಗೆ ಭಾರ. ಎರಡನೇ ತುಂಡಿಗೆ ಬರುವಷ್ಟರಲ್ಲಿ ಮೊದಲನೆಯದು ಜಾರುತ್ತದೆ. ಮಗ್ಗಿ ರಾಗ ಹಾಕಿ ಒಂದರಿಂದ ಹೇಳು ಅಂದರೆ ಏಳೆಂಟ್ಲ ಐವತ್ತಾರು ಅಂತ ಸರಿಯಾಗಿಯೇ ಹೇಳುತ್ತಾಳೆ. ಆದರೆ ನಡುವಿನಿಂದ ಕೇಳಿದರೆ ಹಳೇ ಪಾಡು.

ಕಾರ್ಡಿನ ಡಬ್ಬಿಯದೂ ಇದೇ ಗೋಳು. ಲೈಟ್ನರ್ ಪದ್ಧತಿ: ಕಾರ್ಡಿಗೊಂದು ಲೆಕ್ಕ, ಐದು ಖಾನೆ, ಉತ್ತರ ಸರಿಯಾದರೆ ಕಾರ್ಡು ಮುಂದಿನ ಖಾನೆಗೆ, ತಪ್ಪಾದರೆ ಮೊದಲ ಖಾನೆಗೆ ವಾಪಸ್. ಉಳಿದ ಕಾರ್ಡುಗಳು ನಾಲ್ಕು ಐದನೇ ಖಾನೆಯಲ್ಲಿ ಆರಾಮಾಗಿ ಮಲಗಿವೆ. 7×8ರ ಕಾರ್ಡು ಮಾತ್ರ ಓಡಾಡಿ ಓಡಾಡಿ ಅಂಚು ಸವೆದಿದೆ.

ಇಲ್ಲಿ ಒಂದು ಒಳ್ಳೇ ಕೆಲಸ ಮಾಡಿದ್ದೆ: ತಪ್ಪು ಉತ್ತರಗಳನ್ನೂ ಬರೆದಿಡುತ್ತಿದ್ದೆ. ತೆಗೆದು ನೋಡಿದೆ. 19 ಸಲ ಕೇಳಿದ್ದೇನೆ. ನಾಲ್ಕು ಸಲ ಸರಿ. 54 ಅಂದದ್ದು ಹನ್ನೊಂದು ಸಲ, 48 ಮೂರು ಸಲ, 63 ಒಂದು ಸಲ. 55 ಅಥವಾ 57 ಒಮ್ಮೆಯೂ ಇಲ್ಲ! ಅಂದರೆ ಅವಳು ಸುಮ್ನೆ ಬಾಯಿಗೆ ಬಂದದ್ದು ಹೇಳುತ್ತಿಲ್ಲ. 48 ಅಂದರೆ 6×8, 63 ಅಂದರೆ 7×9, 54 ಅಂದರೆ 6×9. ಬೀದಿ ಸರಿಯಾಗಿದೆ, ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದಾಳೆ. ಅದರಲ್ಲೂ 54 ಯಾಕೆ ಜಾಸ್ತಿ? ತಪ್ಪು ನನ್ನದೇ. ಬೆರಳಿನ ಉಪಾಯದಿಂದ 6×9 ತಿಂಗಳುಗಳ ಹಿಂದೆಯೇ ಗಟ್ಟಿ ಮಾಡಿಸಿದ್ದೆ. ಐವತ್ತು ಅಂತ ನಾಲಿಗೆ ಶುರು ಮಾಡಿದ ಕೂಡಲೇ ಗಟ್ಟಿಯಾದದ್ದು ಮುಂದೆ ನುಗ್ಗುತ್ತದೆ. ಹೊಸದಾಗಿ ಬಂದ 56 ಬಾಗಿಲಲ್ಲೇ ನಿಂತಿರುತ್ತದೆ.

ಹಾಗಾದರೆ 56 ಅನ್ನು ಇನ್ನೂ ಇಪ್ಪತ್ತು ಸಲ ಹೇಳಿಸಿ ಉಪಯೋಗವಿಲ್ಲ. ಎರಡನ್ನೂ ಎದುರಾಬದುರು ನಿಲ್ಲಿಸಿ ಬೇರೆ ಮಾಡಬೇಕು. ನಿನ್ನೆ ಚೌಕಳಿ ಹಾಳೆಯ ಚೂರುಗಳಲ್ಲಿ 7×8ರದೊಂದು, 6×9ರದೊಂದು ಆಯತ ಕತ್ತರಿಸಿ ಅವಳ ಕೈಗೆ ಕೊಟ್ಟೆ. "ಯಾವುದು ದೊಡ್ಡದು ಹೇಳು" ಅಂದೆ, ಅಷ್ಟೇ.

ನೋಟಕ್ಕೆ ಅವಳಿಜವಳಿ. ಸುತ್ತ ಅಂಚಿನ ಉದ್ದ ಎರಡಕ್ಕೂ 30 ಚೌಕ. ಇರುವೆ ಸುತ್ತಿ ಬಂದರೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅವಳು ಒಂದರ ಮೇಲೊಂದಿಟ್ಟು ಮೂಲೆಗೆ ಮೂಲೆ ಹೊಂದಿಸಿ ಕಿಟಕಿಯ ಬೆಳಕಿಗೆ ಹಿಡಿದಳು.

"ಅಮ್ಮಾ, ಎರಡಕ್ಕೂ ಬಾಲ ಇದೆ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಹಿಡಿದು ನೋಡಿದೆ. ಎರಡೂ ಒಂದರ ಮೇಲೊಂದು ಕೂತ ಭಾಗ 6×8, ಅಂದರೆ 48. 7×8ಕ್ಕೆ ಕೆಳಗೆ ಒಂದು ಸಾಲು ಹೊರಗೆ ಚಾಚಿದೆ, ಅದರಲ್ಲಿ 8 ಚೌಕ. 6×9ಕ್ಕೆ ಪಕ್ಕದಲ್ಲಿ ಒಂದು ಸಾಲು ಚಾಚಿದೆ, ಅದರಲ್ಲಿ 6. ಹೊಟ್ಟೆ ಒಂದೇ, ಬಾಲ ಬೇರೆ. 48ಕ್ಕೆ ಎಂಟರ ಬಾಲ ಇದ್ದರೆ 56, ಆರರ ಬಾಲ ಇದ್ದರೆ 54. ಎರಡು ವಾರ ನನ್ನನ್ನು ಕಾಡಿದ ಮೂರೂ ಸಂಖ್ಯೆಗಳು ಒಂದೇ ಚಿತ್ರದಲ್ಲಿ! ಆ ಕ್ಯೂಬ್, ಆ ಸಂದು, ಆ ಮುಚ್ಚಳ ಯಾವುದೂ ಬೇಕಾಗಿರಲಿಲ್ಲ. (ಮುಚ್ಚಳ ಚೆನ್ನಾಗಿ ಬಂದಿದೆ, ಅದು ಬೇರೆ ಮಾತು. ಮೂಲೆ ಸರಿಯಾಗಿ 90 ಡಿಗ್ರಿ.)

ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗ ಕೇಳಿದೆ. ಏಳೆಂಟ್ಲ? ಬ್ರಷ್ ಬಾಯಲ್ಲೇ ಇತ್ತು. ಇನ್ನೊಂದು ಕೈಯಿಂದ ಗಾಳಿಯಲ್ಲಿ ಒಂದು ಡಬ್ಬ ಬರೆದು, ಅದರ ಕೆಳಗೆ ಒಂದು ಗೆರೆ ಎಳೆದು, "ಐವತ್ತಾರು" ಅಂದಳು. ಆರು ಸೆಕೆಂಡು. ನಿಧಾನವೇ, ಆದರೆ ಐವತ್ನಾಲ್ಕು ಅಲ್ಲ. ಮಧ್ಯಾಹ್ನ ಮತ್ತೆ ಕೇಳಿದೆ, ಮತ್ತೆ ಗೆರೆ ಎಳೆದಳು. ಕಾರ್ಡು ಎರಡನೇ ಖಾನೆಗೆ ಹೋಗಿದೆ. ಮೂರನೆಯದಕ್ಕೆ ದಾಟುವವರೆಗೆ ನಾನು ಹಿಗ್ಗುವುದಿಲ್ಲ.

ಅಷ್ಟರಲ್ಲಿ ಹೊಸ ತಲೆನೋವು. ಬಾಲದ ಆಟ ಅವಳಿಗೆ ಹಿಡಿಸಿಬಿಟ್ಟಿದೆ. ಸಂಜೆ ಬಂದು ನೋಡಿದರೆ 5×10 ಕೂಡ ಕತ್ತರಿಸಿ ಸಾಲಿಗೆ ಸೇರಿಸಿದ್ದಾಳೆ. 56, 54, 50. "ಮೊದಲು ಎರಡು ಕಮ್ಮಿ, ಆಮೇಲೆ ನಾಲ್ಕು ಕಮ್ಮಿ. ಇನ್ನು ಆರು ಕಮ್ಮಿ ಆಗುತ್ತಾ?" ಅಂತ ಕೇಳಿದಳು. ಆಗುತ್ತದೆ. 4×11 ಅಂದರೆ 44. ನಾನು ಹೇಳಲಿಲ್ಲ, ಹಲಗೆಯಲ್ಲಿ ಇಟ್ಟು ನೋಡು ಅಂದೆ.

ಹಲಗೆಯಲ್ಲಿ ಹನ್ನೊಂದನೇ ಕಂಬಸಾಲು ಇಲ್ಲ. ರಟ್ಟು ಹುಡುಕುತ್ತಿದ್ದೇನೆ.