ಇದರಲ್ಲಿ ಅನ್ನ ಎಲ್ಲಿ ಮಾಡುವುದು?

"ಉಂದೆಟ್ ನುಪ್ಪು ಓಲು ಮಲ್ಪುನಿ?"

ಇದರಲ್ಲಿ ಅನ್ನ ಎಲ್ಲಿ ಮಾಡುವುದು? ಮಂಗಳವಾರ ಕಿವಿಗೆ ಬಿದ್ದ ತುಳುವಿನ ಈ ನಾಲ್ಕು ಶಬ್ದ ಶನಿವಾರವಾದರೂ ಇಳಿದಿಲ್ಲ. ಆಫೀಸಿನಲ್ಲಿ ಫೈಲು ಬಿಡಿಸಿದರೂ ಅದೇ, ಬೋಳೂರಿನ ತಿರುವಿನಲ್ಲಿ ಸ್ಕೂಟರು ನಿಲ್ಲಿಸಿ ರೈನ್‌ಕೋಟು ಏರಿಸುವಾಗಲೂ ಅದೇ.

ಕೇಳಿದವರು ನಮ್ಮ ಮಾಡಿನ ಸೋರಿಕೆ ನಿಲ್ಲಿಸಲು ಬಂದ ಮೇಸ್ತ್ರಿ. ಎಪ್ಪತ್ತು ದಾಟಿದವರು. ಆಟಿ ತಿಂಗಳ (ಜುಲೈ-ಆಗಸ್ಟಿನ) ಮಳೆಯಲ್ಲಿ ಹಂಚಿನ ಮಾಡು ಹತ್ತುವವರು ಸಿಗುವುದೇ ಕಷ್ಟ, ಸಿಕ್ಕಿದವರ ಬಾಯಿ ಸಹಿಸಿಕೊಳ್ಳಬೇಕು. ಇವರ ಬಾಯಿ ಕೈಗಿಂತ ಎರಡು ಪಟ್ಟು ಓಡುತ್ತದೆ. ಒಂದು ರೀಪು ಬದಲಿಸುವಷ್ಟರಲ್ಲಿ ಮೂರು ಚಹಾ, ಜೊತೆಗೆ ಈ ಮನೆ ಕಟ್ಟಿಸಿದವನ ತಲೆಯ ಬಗ್ಗೆ ಒಂದು ಭಾಷಣ. (ಕಟ್ಟಿಸಿದ್ದು ನನ್ನ ಅಜ್ಜ. ಅದು ಗೊತ್ತಿದ್ದೇ ಹೇಳಿದ್ದು.) ಹನ್ನೊಂದು ಗಂಟೆಗೆ ಮಳೆ ಹೊಯ್ಯತೊಡಗಿದಾಗ ಏಣಿ ಇಳಿದು ಚಾವಡಿಗೆ ಬಂದರು. ಬೈರಾಸಿನಲ್ಲಿ ತಲೆ ಒರೆಸುತ್ತ ಮೇಜಿನ ಮೇಲಿದ್ದ ನನ್ನ ಮಂಜಿಯನ್ನು, ಅಂದರೆ ಸರಕು ಹಡಗಿನ ಪುಟ್ಟ ಮಾದರಿಯನ್ನು, ನೋಡಿದರು.

ಹದಿನಾಲ್ಕು ತಿಂಗಳ ಕೆಲಸ ಅದು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ ಹೊತ್ತು ಹೋಗುವ ಮರದ ಮಂಜಿ, ನೂರರಲ್ಲಿ ಒಂದು ಅಳತೆಗೆ. ಅಂದರೆ 24 ಮೀಟರಿನದ್ದು 24 ಸೆಂಟಿಮೀಟರು. ಪೆಟ್ಟಿಗೆಯಲ್ಲಿ ಬರುವ ರೆಡಿಮೇಡ್ ಕಿಟ್ ನನಗೆ ಬೇಡವಾಗಿತ್ತು. ಅದರಲ್ಲಿ ಸಿಗುವುದು ಯುರೋಪಿನ ಯುದ್ಧನೌಕೆಗಳು, ನನಗೆ ಬೇಕಾದದ್ದು ನಮ್ಮ ಬಂದರಿನ ಧಕ್ಕೆಯದ್ದು. ಮಂಜಿಗೆ ನಕ್ಷೆ ಎಂಬುದೂ ಇಲ್ಲ. ಕಟ್ಟುವವರ ಕಣ್ಣಳತೆಯೇ ನಕ್ಷೆ. ಹೋದ ವರ್ಷ ಜೂನಿನಲ್ಲಿ, ಟ್ರಾಲು ಬೋಟುಗಳೆಲ್ಲ 61 ದಿನದ ರಜೆಯಲ್ಲಿ ಒಂದಕ್ಕೊಂದು ಅಂಟಿ ನಿಂತಿದ್ದಾಗ, ಮಳೆಗಾಲಕ್ಕೆ ದಡ ಸೇರಿದ್ದ ಒಂದು ಮಂಜಿಗೆ ಟೇಪು ಹಿಡಿದೆ. ಕಾವಲಿಗಿದ್ದ ಬ್ಯಾರಿ ಹುಡುಗ ಟೇಪಿನ ಇನ್ನೊಂದು ತುದಿ ಹಿಡಿದ. ನಾನು ಕೊಳ್ಳಲು ಬಂದವನೆಂದು ಅವನ ಲೆಕ್ಕ. ಅದು ಎಂಜಿನ್ನಿನ ಮಂಜಿ. ನಾನು ಅದರ ಒಡಲು ಇಟ್ಟುಕೊಂಡು ಮೇಲಿನದ್ದನ್ನು ಹಳೆಯ ಫೋಟೋಗಳನ್ನು ನೋಡಿ ಹಾಯಿಯ ಕಾಲಕ್ಕೆ ಒಯ್ದೆ: ಹಾಯಿ ಕಟ್ಟುವ, ಮುಂದಕ್ಕೆ ವಾಲಿದ ಕೂವೆಮರ, ಮೂರು ಮೂಲೆಯ ಹಾಯಿ.

ಅಡಿಮರ ಹಳೆಯ ಕಿಟಕಿಯ ಹಲಸಿನ ಸರಳಿನಿಂದ. ಹಲಗೆಗಳು ಅಮ್ಮನ ಮುರುಕು ತಡ್ಪೆಯ (ಮೊರದ) ಬಿದಿರಿನಿಂದ. ನಿಜ ಮಂಜಿಯ ಕಾಲು ಮೀಟರು ಅಗಲದ ಹಲಗೆ ಇಲ್ಲಿ ಎರಡೂವರೆ ಮಿಲಿಮೀಟರು, ದಪ್ಪ ಅರ್ಧ ಮಿಲಿಮೀಟರು. ಅದನ್ನು ಬಿಸಿನೀರಿನ ಹಬೆಗೆ ಹಿಡಿದು, ಬಾಗಿಸಿ, ಪಕ್ಕೆಲುಬುಗಳಿಗೆ ಬಟ್ಟೆಯ ಕ್ಲಿಪ್ಪು ಹಾಕಿ ಅಂಟಿಸಬೇಕು. ಮಂಗಳೂರಿನ ಜುಲೈಯಲ್ಲಿ ಗೋಂದು ಒಣಗುವುದಿಲ್ಲ, ಯೋಚನೆ ಮಾಡುತ್ತದೆ. ಎರಡು ಸಲ ರಾತ್ರಿ 'ಟಕ್' ಎಂದು ಹಲಗೆ ಎದ್ದು ಬಂತು. ಹಗ್ಗಕ್ಕೆ ಮಲ್ಲಿಗೆ ಕಟ್ಟಿದ ಬಾಳೆನಾರು: ಹೆಂಡತಿ ಮುಡಿದು ತೆಗೆದ ಚೆಂಡನ್ನು ಬಿಚ್ಚಿ, ನಾರನ್ನು ಸೀಳಿ, ಮೂರೆಳೆ ಹೊಸೆದದ್ದು. ಲಂಗರಿಗೆ ಸುಟ್ಟುಹೋದ ಮಿಕ್ಸಿಯ ತಾಮ್ರದ ತಂತಿ. ರಾಟೆಗಳಿಗೆ ತೆಂಗಿನ ಚಿಪ್ಪು. ಒಂದೊಂದು ಮೂರು ಮಿಲಿಮೀಟರು, ಸೂಜಿಯಷ್ಟು ಸಣ್ಣ ಡ್ರಿಲ್ಲಿನಿಂದ ತೂತು. ಹತ್ತು ಮಾಡಿದರೆ ನಾಲ್ಕು ಉಳಿಯುತ್ತಿದ್ದವು, ಉಳಿದವು ನೆಲಕ್ಕೆ ಹಾರಿ ಗುಡಿಸಲು ಬಂದವಳ ಪಾಲು.

ಹಾಯಿ ನನ್ನನ್ನು ಒಂದು ತಿಂಗಳು ಗೋಳಾಡಿಸಿತು. ಮೊದಲು ಅಜ್ಜನ ಹಳೆಯ ಪಂಚೆಯ ತುಂಡು ಕತ್ತರಿಸಿ ಕಟ್ಟಿದೆ. ದೂರದಿಂದ ಚಂದ, ಹತ್ತಿರ ಹೋದರೆ ಗೋಣಿಚೀಲ. ಲೆಕ್ಕ ಹಾಕಿದಾಗ ತಿಳಿಯಿತು. ನೂಲಿನ ಒಂದು ಎಳೆ ಮಿಲಿಮೀಟರಿನ ಹತ್ತರಲ್ಲೊಂದೂವರೆ ಪಾಲು ಇದ್ದರೂ ನೂರು ಪಟ್ಟು ಹಿಗ್ಗಿಸಿದರೆ ಕಿರುಬೆರಳ ದಪ್ಪದ ಹಗ್ಗ. ಹಗ್ಗದಿಂದ ನೇಯ್ದ ಹಾಯಿಯನ್ನು ಯಾವ ಗಾಳಿ ಉಬ್ಬಿಸುತ್ತದೆ? ಕೊನೆಗೆ ತೆಳು ಕಾಗದ, ಹಾಲು ಹಾಕದ ಚಹಾದಲ್ಲಿ ಅದ್ದಿ ಒಣಗಿಸಿದ್ದು.

ಮಂಜಿಗೆ ಮೀನೆಣ್ಣೆ ಬಳಿಯುತ್ತಾರೆಂದು ನಾನೂ ಬೂತಾಯಿ ಎಣ್ಣೆ ತಂದು ಬಳಿದೆ. ಮೂರು ದಿನ ಮನೆಯಲ್ಲಿ ಯಾರೂ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಪಕ್ಕದ ಮನೆಯ ಬೆಕ್ಕು ಎಡಬದಿಯನ್ನು ನೆಕ್ಕಿ ಹೊಳಪು ಕೊಟ್ಟಿತ್ತು. ಅಲ್ಲಿ ಇವತ್ತಿಗೂ ಬಣ್ಣ ಸ್ವಲ್ಪ ಬಿಳಿಚು.

ಇಷ್ಟನ್ನೂ ಮೇಸ್ತ್ರಿಗೆ ಹೇಳಬೇಕೆಂದು ಬಾಯಿ ತೆರೆದಿದ್ದೆ. ಅವರು ಕೈಯೆತ್ತಿ ನಿಲ್ಲಿಸಿದರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಮೂತಿಯ ಕೆತ್ತನೆಯ ತುಂಡನ್ನು ಉಗುರಿನಿಂದ ಗೀರಿ, "ಪಾಲೆ ಮರ" ಎಂದರು. ಹೌದು, ಕನ್ನಡದ ಹಾಲೆ ಮರ, ಪಕ್ಕದ ಹಿತ್ತಲಲ್ಲಿ ಮುರಿದು ಬಿದ್ದ ಕೊಂಬೆ. ಕೆತ್ತಲು ಬೆಣ್ಣೆ. "ಪಾಲೆಯ ತೊಗಟೆಯ ಕಷಾಯ ಆಟಿ ಅಮಾಸೆಗೆ ಕುಡಿಯುವುದು. ಅದರಲ್ಲಿ ಹಡಗು ಮಾಡುವುದಾ?" ನಾನು, ಆ ಮರದ ಹಲಗೆಯಲ್ಲಿ ಮಕ್ಕಳಿಗೆ ಬರೆಯುವ ಸ್ಲೇಟು ಮಾಡುತ್ತಿದ್ದರಂತೆ, ಅದಕ್ಕೇ ಅದರ ಶಾಸ್ತ್ರೀಯ ಹೆಸರಿನಲ್ಲಿ 'ಸ್ಕೊಲಾರಿಸ್' ಎಂದು ಉಂಟು ಎಂದೆ. ಅವರಿಗೆ ಅದು ಬೇಕಿರಲಿಲ್ಲ. ಕತ್ತು ಬಗ್ಗಿಸಿ, ಡೆಕ್ಕಿನ ಮೇಲೆ ಏನನ್ನೋ ಹುಡುಕುತ್ತಿದ್ದರು. ಮನೆಗೆ ಬಂದ ನೆಂಟರು ಚಪ್ಪಲಿ ಹುಡುಕುವ ಹಾಗೆ. ಆಮೇಲೆ ಕೇಳಿದರು.

"ಉಂದೆಟ್ ನುಪ್ಪು ಓಲು ಮಲ್ಪುನಿ?"

ತಮಾಷೆ ಎಂದುಕೊಂಡೆ. ನಕ್ಕೆ ಕೂಡ. ಅವರು ನಗಲಿಲ್ಲ. ತೋರುಬೆರಳನ್ನು ಕೂವೆಮರಕ್ಕೂ ಹಿಂದಿನ ಅಟ್ಟಕ್ಕೂ ನಡುವೆ, ಎಡಬದಿಗೆ ಅಡ್ಡ ಇಟ್ಟು, "ಇಲ್ಲಿ ಇರುವುದು ಒಲೆ" ಎಂದರು. ಅಲ್ಲಿ ನಾನು ಹಗ್ಗದ ಸುರುಳಿ ಇಟ್ಟಿದ್ದೆ. ಮೂರು ರಾತ್ರಿ ಕೂತು, ಚಿಮುಟದಲ್ಲಿ ಸುತ್ತಿ, ಹಾವಿನ ಮರಿಯ ಹಾಗೆ ಮಲಗಿಸಿದ ಸುರುಳಿ. ಇಡೀ ಮಂಜಿಯಲ್ಲಿ ನನಗೆ ಅತಿ ಹೆಮ್ಮೆಯ ಜಾಗ ಅದು.

"ಹಗ್ಗ ಇಟ್ಟಿದ್ದೀರಿ. ಹಗ್ಗ ತಿನ್ನುವುದಾ?"

ಹದಿಮೂರನೆಯ ವಯಸ್ಸಿಗೆ ಅವರು ಮಂಜಿ ಹತ್ತಿದ್ದರಂತೆ, ಭಂಡಾರಿಯಾಗಿ. ಭಂಡಾರಿ ಎಂದರೆ ಅಡುಗೆಯವ. ಎರಡು ಮಳೆಗಾಲದ ನಡುವಿನ ಒಂದೇ ಕಾಲ, ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್ ತಿರುಗಿ ಬಂದದ್ದು. ಹೋಗುವಾಗ ಅಕ್ಕಿ, ಬರುವಾಗ ಕೊಬ್ಬರಿ, ಹುರಿಹಗ್ಗ, ಒಣಗಿಸಿದ ಮಾಸು ಮೀನು. ಅಮಿನಿ ಕಡೆಯ ಆ ದ್ವೀಪಗಳು 1956ರವರೆಗೆ ನಮ್ಮ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಅವರ ಮಾತಿನಲ್ಲಿ ಈಗಲೂ ಅದು ಪಕ್ಕದ ಊರು. ಒಲೆ ಎಂದರೆ ಮರದ ಪೆಟ್ಟಿಗೆಗೆ ಮಣ್ಣು ತುಂಬಿ, ಮೇಲೆ ಮೂರು ಕಲ್ಲು, ಸೌದೆ. ಗಾಳಿ ಹಿಂದಿನಿಂದ ಬೀಸಿದರೆ ಒಳ್ಳೆಯದು, ತಿರುಗಿದರೆ ಹೊಗೆ ಚುಕ್ಕಾಣಿ ಹಿಡಿದವನ ಕಣ್ಣಿಗೆ, ಬೈಗಳು ಭಂಡಾರಿಗೆ. ಗಾಳಿ ಸಿಕ್ಕಿದರೆ ಎರಡು ದಿನ, ಸಿಕ್ಕದಿದ್ದರೆ ದೇವರೇ ಗತಿ. ಆಗ ಮೊದಲು ಅಳೆಯುವುದು ಅಕ್ಕಿಯನ್ನಲ್ಲ, ಕುಡಿಯುವ ನೀರನ್ನು. ಎಂಟು ಜನಕ್ಕೆ ಅನ್ನ ಬಸಿಯುವಾಗ ಮಂಜಿ ವಾಲಿ ಗಂಜಿ ಮೊಣಕಾಲಿಗೆ ಚೆಲ್ಲಿದ್ದನ್ನು ತೋರಿಸಲು ಲುಂಗಿ ಎತ್ತಿದರು. ಕಲೆ ನನಗೆ ಕಾಣಲಿಲ್ಲ, ಕಂಡಿತು ಎಂದೆ.

ಕತೆಯಲ್ಲಿ ಅರ್ಧ ಉಪ್ಪುಖಾರ ಇರಬಹುದು. ಮಂಜಿ ನಡೆಸುವ ತಂಡೇಲ ಇವರನ್ನು ಕೇಳದೆ ಹಾಯಿ ಬಿಚ್ಚುತ್ತಿರಲಿಲ್ಲ ಎಂಬುದನ್ನು ನಾನು ನಂಬುವುದಿಲ್ಲ, ಹದಿಮೂರರ ಹುಡುಗನನ್ನು ಯಾವ ತಂಡೇಲ ಕೇಳುತ್ತಾನೆ? ಆದರೆ ಬೆರಳು ಇಟ್ಟ ಜಾಗ ಸುಳ್ಳಲ್ಲ. ಅವರು ಮಾಡಿಗೆ ಹತ್ತಿದ ಮೇಲೆ ನಾನು ಸ್ಕೇಲು ಹಿಡಿದು ನೋಡಿದೆ. ಬಡಗಿಯ ಬೆರಳಿನ ಅಗಲ ಒಂದೂವರೆ ಸೆಂಟಿಮೀಟರಿಗೆ ಕಡಿಮೆ ಇರುವುದಿಲ್ಲ. ನನ್ನ ಅಳತೆಯಲ್ಲಿ ಅದು ಒಂದೂವರೆ ಮೀಟರು. ಒಬ್ಬ ಹುಡುಗ ಕಾಲು ಚಾಚಿ ಮಲಗಿದಷ್ಟು.

ಈ ಮಂಜಿಯನ್ನು ನೋಡಿದವರು ಕಡಿಮೆಯಲ್ಲ. ಬೆಂಗಳೂರಿನ ಭಾವ ವೀಡಿಯೋ ಕಾಲಿನಲ್ಲೇ, "ಎಷ್ಟಕ್ಕೆ ಕೊಡುತ್ತಿ?" ಎಂದ. ಅವನಿಗೆ ಸೂರ್ಯಾಸ್ತಕ್ಕೂ ರೇಟು ಬೇಕು. ಆಫೀಸಿನವರು ನೀರಲ್ಲಿ ತೇಲುತ್ತದಾ ಎಂದು ಕೇಳಿದರು, ಪಕ್ಕದ ಮನೆಯವರು "ನಿಮಗೆ ಎಷ್ಟು ಪುರುಸೊತ್ತು ಮಾರಾಯ್ರೆ" ಎಂದರು. ಅಡುಗೆಮನೆಯಿಂದಲೇ ಕೈ ಒರೆಸುತ್ತ ಬಂದು ನೋಡಿದ ಅಮ್ಮನೂ ಕೇಳಲಿಲ್ಲ, ಅನ್ನ ಎಲ್ಲಿ ಎಂದು. ಮಾಡಿದ ನನಗೇ ಹೊಳೆದಿರಲಿಲ್ಲ. ಚುಕ್ಕಾಣಿಯ ಕೀಲಿಗೆ ಎರಡು ವಾರ ಕೊಟ್ಟವನಿಗೆ, ಹತ್ತಾರು ಫೋಟೋ ಭೂತಗನ್ನಡಿಯಲ್ಲಿ ನೋಡಿದವನಿಗೆ. ಆ ಫೋಟೋಗಳೂ ದಡದಿಂದ ತೆಗೆದವೇ. ದಡಕ್ಕೆ ಕಾಣುವುದು ಹಾಯಿ.

ಬುಧವಾರ ರಾತ್ರಿ ಅದೇ ತಲೆಬಿಸಿಯಲ್ಲಿ ಈ ಮನೆಯ ಹಳೆಯ ಆಲ್ಬಮ್ ತೆಗೆದೆ. ಅಜ್ಜ ಹಂಚಿನ ಕಾರ್ಖಾನೆಯಲ್ಲಿ ರೈಟರಾಗಿದ್ದವರು. ಮಂಜಿಗೆ ಎಷ್ಟು ಸಾವಿರ ಹಂಚು ಏರಿತು, ಎಷ್ಟು ಒಡೆಯಿತು ಎಂದು ಲೆಕ್ಕ ಬರೆಯುವುದು ಅವರ ಕೆಲಸ. ಆ ಲೆಕ್ಕವನ್ನು ನನಗೆ ಕತೆಯಾಗಿ ಹೇಳುತ್ತಿದ್ದರು, ಹೊತ್ತವರು ಮಧ್ಯಾಹ್ನ ಏನು ಉಂಡರು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಲ್ಬಮ್ಮಿನಲ್ಲಿ ಚಾವಡಿಯ ಫೋಟೋ ಹನ್ನೊಂದು ಉಂಟು. ಅಂಗಳ, ತುಳಸಿಕಟ್ಟೆ, ಅಜ್ಜನ ಆರಾಮ ಕುರ್ಚಿ. ಅಡುಗೆಮನೆಯದ್ದು ಒಂದೂ ಇಲ್ಲ. ಅಜ್ಜಿ ಅರುವತ್ತು ವರ್ಷ ಊದಿದ ಒಲೆ ಯಾವ ಗೋಡೆಗೆ ಇತ್ತು ಎಂದು ಅಮ್ಮನನ್ನು ಕೇಳಿದೆ. ಅಮ್ಮ ಮೂಡಣ ಗೋಡೆ ಎಂದಳು, ಚಿಕ್ಕಮ್ಮ ಫೋನಿನಲ್ಲಿ ಅಲ್ಲ, ತೆಂಕು ಎಂದಳು. ಇಬ್ಬರೂ ಆ ಒಲೆಯ ಮುಂದೆ ಬೆಳೆದವರು. ಈಗ ಅಲ್ಲಿ ಗ್ರಾನೈಟು, ಗೋಡೆ ಎರಡೂ ಕಡೆ ಬೆಳ್ಳಗೆ.

ಗುರುವಾರ ಹಗ್ಗದ ಸುರುಳಿ ಕಿತ್ತೆ. ಕಿತ್ತು ಬಂದಾಗ ಡೆಕ್ಕಿನ ಬಿದಿರಿನ ಸಿಪ್ಪೆಯೂ ಸ್ವಲ್ಪ ಎದ್ದಿತು, ಹೊಟ್ಟೆ ಉರಿಯಿತು. ಹನ್ನೆರಡು ಮಿಲಿಮೀಟರು ಉದ್ದ, ಒಂಬತ್ತು ಅಗಲದ ಪೆಟ್ಟಿಗೆ ಮಾಡಿದೆ. ಅಂಗಳದ ಮುರಕಲ್ಲು ಉಜ್ಜಿ ಪುಡಿ ತೆಗೆದು ತುಂಬಿದೆ. ಒಲೆಯ ಕಲ್ಲಿಗೆ ತಣ್ಣೀರುಬಾವಿಯ ಮರಳಿನಿಂದ ಸ್ವಲ್ಪ ದೊಡ್ಡ ಹರಳು ಮೂರು ಹುಡುಕಲು ಸುಲ್ತಾನ್ ಬತ್ತೇರಿಯಿಂದ ದೋಣಿ ದಾಟಿ ಹೋಗಬೇಕೆಂದಿದ್ದೆ. ಮಳೆಗೆ ಬೇಡ ಎಂದು ಮಗಳು ಅಕ್ವೇರಿಯಮ್ಮಿನಿಂದ ಆರಿಸಿ ಕೊಟ್ಟಳು. ಆಮೇಲೆ ಅವಳದ್ದು ಇನ್ನೊಂದು ಪ್ರಶ್ನೆ: "ಅನ್ನ ಆಯಿತು. ಕಕ್ಕಸು?" ಅದಕ್ಕೂ ಹಿಂಬದಿಯಲ್ಲಿ ನೀರಿನ ಮೇಲೆ ನೇತಾಡುವ ಒಂದು ಪೆಟ್ಟಿಗೆ ಇರುತ್ತದೆ. ಅದನ್ನು ಮೇಸ್ತ್ರಿಯ ಹತ್ತಿರ ಕೇಳಿಯೇ ಮಾಡುವುದೆಂದು ಬಿಟ್ಟಿದ್ದೇನೆ.

ಅವರ ಕೆಲಸ ಅರ್ಧಕ್ಕೇ ನಿಂತಿದೆ. ಚಾವಡಿಯಲ್ಲಿ ಮೊದಲು ಒಂದು ಕಡೆ ಸೋರುತ್ತಿತ್ತು, ಈಗ ಎರಡು ಕಡೆ. ಮಂಜಿಯನ್ನು ಮೇಜಿನಿಂದ ಕಪಾಟಿನ ಮೇಲಕ್ಕೆ ಸಾಗಿಸಿ, ಆ ಜಾಗದಲ್ಲಿ ಬಕೆಟು ಇಟ್ಟಿದ್ದೇವೆ. ಫೋನು ಮಾಡಿದರೆ ಸೋಮವಾರ ಬರುತ್ತೇನೆ ಎಂದರು. ಯಾವ ಸೋಮವಾರ ಎಂದು ಹೇಳಲಿಲ್ಲ. ಒಲೆ ಇಟ್ಟಿದ್ದೇನೆ ಎಂದೆ. ಆ ಕಡೆಯಿಂದ ಒಂದು ಕ್ಷಣ ಮಳೆಯ ಸದ್ದು ಮಾತ್ರ ಕೇಳಿತು, ಆಮೇಲೆ ಬೈಗುಳದ ಧ್ವನಿಯಲ್ಲೇ, "ಸೌದೆ ಒದ್ದೆಯಾಗದ ಹಾಗೆ ಅಟ್ಟದ ಅಡಿಗೆ ಇಡಿ" ಎಂದರು.